ಎರಡು ಒಂದು ನಾಲ್ಕು

ಸೋಮವಾರ ಹತ್ತು ಗಂಟೆಗೆ ಟೆಲಿಫೋನ್ ಕಚೇರಿಯ ಬಾಗಿಲಲ್ಲಿ ಕೊಡೆಯ ತುದಿ ಕಂಡರೆ ಸಾಕು, ಗುಮಾಸ್ತೆ ವೆಂಕಟರತ್ನಮ್ಮ ದೂರಿನ ಪುಸ್ತಕ ತೆರೆದಿಡುತ್ತಿದ್ದಳು. ಕೊಡೆಯ ಹಿಂದೆ ರೇಷ್ಮೆ ನೂಲು ತೆಗೆಸುವ ಮುನಿನಾರಾಯಣಪ್ಪ ಬರುತ್ತಿದ್ದರು. ಚರಂಡಿ ತೋಡುವವರು ತಂತಿ ಕಡಿದಂದಿನಿಂದ ಅವರ ಫೋನು ಮೂಕವಾಗಿತ್ತು. "ಸತ್ತಿಲ್ಲ ಕಣಮ್ಮಾ, ಮುನಿಸ್ಕೊಂಡೈತೆ" ಎನ್ನುವರು. ದಿನಾ ಬೆಳಗ್ಗೆ ಅದರ ಧೂಳೊರೆಸಿ, ರಿಸೀವರ್ ಎತ್ತಿ, ಅದು ಮಾತಾಡಲೆಂದು ಮರ್ಯಾದೆಯಿಂದ ಕಾಯುವರು. ಬೀದಿಯಲ್ಲಿ ಯಾರ ಫೋನು ಕೆಟ್ಟರೂ ಅರ್ಜಿ ಬರೆದುಕೊಡುವವರು ಅವರೇ. ವೆಂಕಟರತ್ನಮ್ಮನೂ ವಾರವಾರವೂ ಬೆರಳು ಮಡಿಚಿ ದಾರಿಗಳನ್ನು ಎಣಿಸುವಳು: "ಬಾಡಿಗೆ ಮನ್ನಾ ಮಾಡಿಸ್ಕೊಳ್ಳಿ, ಇಲ್ಲ ಫೋನ್ ವಾಪಸ್ ಕೊಡಿ, ಇಲ್ಲಾಂದ್ರೆ ಹೊಸ ತಂತಿ, ಹೊಸ ನಂಬರು ತಗೊಳ್ಳಿ. ಹಳೇ ನಂಬರು ಹಳೇ ತಂತಿ ಜೊತೇಲೇ ಹೋಯ್ತು." ಮೊದಲೆರಡಕ್ಕೆ ನಗುವರು, ಮೂರನೆಯದಕ್ಕೆ ಬೆಚ್ಚುವರು. "ನಂಗೆ ಹಳೇ 214 ನಂಬರೇ ಬೇಕು." ಒಂದು ಸೋಮವಾರ ಅವಳು ಬೇಸತ್ತು ಹೊಸ ನಂಬರು 408 ಎಂದು ಬರೆದೇಬಿಟ್ಟಾಗ, ಅವರು ಜೇಬಿನಿಂದ ರೇಷ್ಮೆ ಹುರಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಎರಡು ಗಂಟು, ಸ್ವಲ್ಪ ದೂರಕ್ಕೆ ಒಂದು, ಆಮೇಲೆ ನಾಲ್ಕು. "ಪೆರೇಸಂದ್ರದಲ್ಲಿ ನಮ್ಮಕ್ಕನ ಎಲೆಅಡಿಕೆ ಚೀಲದಲ್ಲೂ ಇಂಥದ್ದೇ ಐತೆ. ಅಕ್ಕಂಗೆ ಓದು ಬರಲ್ಲ. ಅಂಗಡಿಯೋರು ಗಂಟು ಎಣಿಸಿ ಫೋನ್ ಮಾಡ್ಕೊಡ್ತಾರೆ." "ಹಂಗಾದ್ರೆ ಹೊಸ ಹುರಿ ಕಟ್ಕೊಡಿ, ಅಪ್ಪಾ." "ಕಟ್ತೀನಮ್ಮಾ. ಈ ಸೊನ್ನೆಗೆ ಎಷ್ಟು ಗಂಟು ಹಾಕ್ಲಿ?" ವೆಂಕಟರತ್ನಮ್ಮ ಹುರಿಯನ್ನೇ ನೋಡಿದಳು, ಆಮೇಲೆ 408 ಅನ್ನು ಹೊಡೆದುಹಾಕಿ, ಸೊನ್ನೆಯಿಲ್ಲದ ನಂಬರು ಹುಡುಕತೊಡಗಿದಳು.