ಭಾಂಡುಪಿನ ಅವ್ಯಾಪ್ತಿ

ಅಪ್ಪ ಧಾರವಾಡದ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಮಕ್ಕಳಿಗೆ ಗುಮ್ಮನ ಬದಲು ಅವ್ಯಾಪ್ತಿ ದೋಷ. ಹಸು ಎಂದರೆ ಕಪ್ಪಗಿರುವ ಪ್ರಾಣಿ ಎಂದುಬಿಟ್ಟರೆ ಬಿಳಿ ಹಸು ಕೊಟ್ಟಿಗೆಯ ಹೊರಗೇ ಉಳಿಯುತ್ತದೆ. ಒಳಗೆ ಸೇರಬೇಕಾದದ್ದನ್ನು ಹೊರಗಿಡುವ ಲಕ್ಷಣದ, ಅಂದರೆ ವ್ಯಾಖ್ಯೆಯ, ದೋಷಕ್ಕೆ ಅವ್ಯಾಪ್ತಿ ಎನ್ನುತ್ತಾರೆ. ಇದರಿಂದ ಯಾರಿಗೇನು ಉಪಯೋಗ ಎಂದುಕೊಂಡಿದ್ದೆ. ಮುಂಬಯಿಯ ಭಾಂಡುಪಿನಲ್ಲಿ ಬಾಡಿಗೆ ಮನೆ ಹುಡುಕುವಾಗ ತಿಳಿಯಿತು.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಮುಂಬಯಿಗೆ ಕರೆತಂದಿದ್ದೆ. ನನಗೆ ನೌಕರಿಯಿದೆ, ಗಂಡನಿಲ್ಲ. ಫ್ಲಾಟಿನ ಮಾಲೀಕ ಒಪ್ಪಿದ್ದ. ಇನ್ನು ಒಪ್ಪಬೇಕಾದವರು ಆ ಕಟ್ಟಡದ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ವಿಜಯಪುರದ ಕಡೆಯ ಬಟ್ಟೆ ವ್ಯಾಪಾರಿ. ನಮ್ಮ ಕನ್ನಡ ಕೇಳಿ ಸಂತೋಷಪಟ್ಟು ಚಹಾ ತರಿಸಿದರು. ಅವರ ಕನ್ನಡಾಭಿಮಾನ ಆ ಚಹಾಕ್ಕೇ ಮುಗಿಯಿತು.

"ನಮ್ಮ ಬಿಲ್ಡಿಂಗ್‌ದಾಗ ಫ್ಯಾಮಿಲಿಗಷ್ಟ ಕೊಡ್ತೀವ್ರಿ."

"ನಾವು ಫ್ಯಾಮಿಲಿ ಅಲ್ಲೇನ್ರೀ?" ಎಂದೆ.

"ಅಲ್ರೀ. ನೀವು ಸಿಂಗಲ್ ಲೇಡೀಸ್."

"ಹಂಗಾರ ನಾ?" ಅವ್ವ ಕೇಳಿದಳು.

ಸೆಕ್ರೆಟರಿ ಸ್ವಲ್ಪ ಯೋಚಿಸಿದರು. "ನೀವು ಸೀನಿಯರ್ ಸಿಟಿಜನ್ ಆಗ್ತೀರಿ, ಅವ್ವಾರ."

ಕಪ್ಪು ಹಸು, ಬಿಳಿ ಹಸು ಎರಡೂ ಹೊರಗೆ. ಹಾಗಾದರೆ ಕೊಟ್ಟಿಗೆಯೊಳಗೆ ಯಾರು? ಸ್ವತಃ ಸೆಕ್ರೆಟರಿಯವರು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಎರಡು ಬೆಡ್‌ರೂಮಿನ ಮನೆಯಲ್ಲಿ ಒಬ್ಬರೇ ಇದ್ದರು. ಅವರು ಫ್ಯಾಮಿಲಿ.

ಕೊನೆಗೆ ಪುಣೆಯಿಂದ ತಮ್ಮನನ್ನು ಕರೆಸಿದೆ. ಭಾನುವಾರ ಬಂದ, ಸೆಕ್ರೆಟರಿಯ ಎದುರು ಮೀಸೆಸಮೇತ ಕುಳಿತ, ಕರಾರಿಗೆ ಸಹಿ ಹಾಕಿದ, ಅವ್ವ ಕಟ್ಟಿಕೊಟ್ಟ ರೊಟ್ಟಿ ಹಿಡಿದು ಸಂಜೆಯ ರೈಲಿಗೆ ಹೊರಟುಹೋದ. ಬಾಗಿಲಿಗೆ ಅವನ ಹೆಸರಿನ ಫಲಕ ಬಂತು. ಅವ್ವ ಮತ್ತು ನಾನು ಫ್ಯಾಮಿಲಿಯಾದೆವು. ಕುಟುಂಬದ ಲಕ್ಷಣ ಮೀಸೆ ಎಂದಾಯಿತು. ಆ ಮೀಸೆ ಮನೆಯಲ್ಲೇ ಇರಬೇಕೆಂಬ ನಿಯಮವೇನೂ ಇರಲಿಲ್ಲ.

ಬಾಡಿಗೆ, ಲೈಟ್ ಬಿಲ್, ಅವ್ವನ ಬಿಪಿ ಮಾತ್ರೆ ಎಲ್ಲ ನನ್ನ ಪಾಲಿಗೆ. ಈ ಕತೆಯನ್ನು ಲೋಕಲ್ ರೈಲಿನ ಗೆಳತಿಯರಿಗೆಲ್ಲ ಹೇಳಿ ನಗಿಸಿದ್ದೇನೆ, ನಾನೂ ನಕ್ಕಿದ್ದೇನೆ.

ಮೊನ್ನೆ ಆಫೀಸಿನಿಂದ ಬಂದು ಆ ಫಲಕದ ಕೆಳಗೆ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಅವ್ವ ಊರಿನ ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದಳು.

"ಆರಾಮ ಅದೀನವಾ. ಮಗನ ಮನ್ಯಾಗ ಅದೀನಿ. ಮಗಳೂ ಇಲ್ಲೇ ಇರ್ತಾಳ."

ಸೆಕ್ರೆಟರಿ ಹೊರಗಿಟ್ಟಾಗ ನಗು ಬಂದಿತ್ತು. ಈ ಸಲ ಅಳು ಬಂತು.