ಹೊಸ ಹಲ್ಲಿನ ಟೈಲರ್

ಹೊಸ ಹಲ್ಲು ಹಾಕಿಸಿಕೊಂಡ ಟೈಲರನ ಅಂಗಡಿಗೆ ಹೋಗಿ ನೋಡಿ, ಅಳತೆ ಕೊಡಲು ಬಂದವರು ಮೊದಲು ಅವನ ಬಾಯೊಳಗೆ ಇಣುಕಬೇಕು. "ನೋಡ್ರಪ್ಪಾ, ಕತ್ತರಿ ಇಲ್ಲ, ಹೊಲಿಗೆ ಇಲ್ಲ! ವಸಡಲ್ಲಿ ಗುಂಡಿ ತೂತಿನಷ್ಟು ತೂತು, ಅದಕ್ಕೊಂದು ಸ್ಕ್ರೂ, ಮೇಲೊಂದು ಹಲ್ಲು. ಮುಗೀತು!" ಎಂದು ಪ್ಯಾಂಟು ಹೊಲಿಸುವವನಿಗೂ ಹೇಳುತ್ತಾನೆ, ದಾರಿ ಕೇಳಲು ಬಂದವನಿಗೂ ಹೇಳುತ್ತಾನೆ. "ಕಟ್ಟಿಸಿದ ಹಲ್ಲಾ?" ಎಂದವನ ಅಂಗಿ ಹೇಳಿದ ದಿನಕ್ಕೆ ಸಿಕ್ಕರೆ ಕೇಳಿ! ಕೈಯಲ್ಲಿ ಕತ್ತರಿ ಇದ್ದರೂ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಾನೆ, ಕಡಿದು ಸುತ್ತ ನೋಡುತ್ತಾನೆ, ಯಾರೂ ಗಮನಿಸದಿದ್ದರೆ ಇನ್ನೊಂದು ಕಡಿಯುತ್ತಾನೆ. ಮುಂಬಲ್ಲು ಇಲ್ಲದ ದಿನಗಳಲ್ಲಿ ಈ ಕೆಲಸ ಅವನ ಹೆಂಡತಿಯದು. ಪಕ್ಕದ ಸ್ಟೂಲಿನಲ್ಲಿ ಕೂತು ದಾರ ಕಡಿಯುತ್ತ, ಗಿರಾಕಿಗಳ ಹೊಟ್ಟೆಯ ಸುತ್ತಳತೆ ಕೇಳಿ ಕಿಸಕ್ಕನೆ ನಗುತ್ತ ಅವಳಿದ್ದರೆ ಅವನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಹಲ್ಲು ಬಂದ ದಿನವೇ ಅವಳು, "ಇನ್ನು ನನಗೇನು ಕೆಲಸ ಇಲ್ಲಿ?" ಎಂದು ಮನೆಗೆ ಹೊರಟುಬಿಟ್ಟಳು. ಈಗ ಮಧ್ಯಾಹ್ನ ಚಹಾ ತರುತ್ತಾಳೆ, ಲೋಟ ಖಾಲಿಯಾದ ಕೂಡಲೇ ಏಳುತ್ತಾಳೆ. ಆಗ ಅವನು ಕೆನ್ನೆ ಹಿಡಿದುಕೊಂಡು, ಹೊಲಿಯುತ್ತಿದ್ದ ಕೋಟಿನ ದಾರವನ್ನು ಅವಳತ್ತ ಚಾಚುತ್ತಾನೆ: "ಡಾಕ್ಟರು ದಾರ ಕಚ್ಚಬೇಡ ಅಂದಿದಾರೆ ಕಣೇ, ನೀನೇ ಕಡಿ." ಅವನ ತುಟಿಗೆ ಅಂಟಿದ ನೂಲಿನ ಚೂರು ಅವಳಿಗೆ ಕಾಣುತ್ತದೆ, ಆದರೂ ಸ್ಟೂಲು ಎಳೆದುಕೊಂಡು ಕೂರುತ್ತಾಳೆ.