ಗುರುವಾರದ ಓಟ

ಕಾಕಾನ ಬಲಗೈಗೆ ಮೂರೇ ಬೆರಳು. ಆ ಮೂರರಿಂದಲೇ ನಮ್ಮ ರಾಣಿಯ ನಾಲ್ಕೂ ಕಾಲುಗಳನ್ನು ಒತ್ತಿ ನೋಡಿ, ಆಮೇಲೆ ಪಾಠ ಶುರು ಮಾಡುತ್ತಿದ್ದರು. ಸೈನ್ಯದಲ್ಲಿ ನಾಯಿಗಳನ್ನು ಪಳಗಿಸಿ ನಿವೃತ್ತರಾಗಿ, ಧುಪದಾಳದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದವರು. ರಾಣಿ, ಅಪ್ಪ ಮುಧೋಳದಿಂದ ತಂದ ಬೇಟೆನಾಯಿ. ಬೆಳಗಾವಿಯ ನಾಯಿಗಳ ಅಡೆತಡೆ ಓಟದಲ್ಲಿ ಅವಳು ಗೆಲ್ಲಲೇಬೇಕೆಂದು ಅಪ್ಪನ ಹಟ. ಕಾಲೇಜು ಓದುತ್ತಿದ್ದ ನಾನು ಓಟದಲ್ಲಿ ಅವಳನ್ನು ಹಿಡಿದು ಓಡಿಸುವವಳು.

ದನದ ಕೊಟ್ಟಿಗೆಯ ಗೋಡೆಯ ಮೇಲೆ ಕಾಕಾ ವಾರದ ಪಾಠ ಬರೆದಿದ್ದರು. ಒಂದು ದಿನ ಬಿದಿರಿನ ಮೇಲೆ ಜಿಗಿತ, ಮರುದಿನ ಬರೀ ನಡಿಗೆ. ಗೂಟಗಳ ನಡುವೆ ಅತ್ತಿತ್ತ ಹೊರಳಿ ಓಡುವುದು, ಹಲಗೆ ಹತ್ತಿ ಇಳಿಯುವುದು ಇನ್ನೊಂದು ದಿನ. ಗುರುವಾರ ಪೂರ್ತಿ ರಜೆ.

"ನೆಟ್ಟಗ ಓಡೋದು ಇದಕ್ಕ ಹುಟ್ಟಿನಿಂದ ಬಂದೈತಿ, ತಂಗಿ. ಹೊರಳೋದು ನಾವು ಕಲಸಬೇಕು. ಕಾಲಿಗೆ ಶಕ್ತಿ ಬರೋದು ರಜಾದಾಗ," ಎನ್ನುತ್ತಿದ್ದರು.

ನನಗೆಲ್ಲಿಯ ತಾಳ್ಮೆ! ಸ್ಪರ್ಧೆಗೆ ಹತ್ತೇ ದಿನವಿತ್ತು. ನಮ್ಮ ಕಡೆ ಬೇಟೆನಾಯಿಯನ್ನು ಎಲ್ಲರೂ ಸೈಕಲ್ಲಿಗೆ ಕಟ್ಟಿ ಓಡಿಸುತ್ತಾರೆ. ಆ ಗುರುವಾರ ನಾನೂ ಕಾಲುವೆ ದಾರಿಯಲ್ಲಿ ಓಡಿಸಿದೆ. ಎರಡನೆಯ ಸುತ್ತಿನ ತಿರುವಿನಲ್ಲಿ ರಾಣಿ ಚೀರಿ, ಹಿಂಗಾಲು ಎತ್ತಿ ನಿಂತಳು.

ಹಿಂದಿನ ನಾಯಿ ಕುಂಟಿದಾಗ ಅಪ್ಪ ಅದನ್ನು ಸಂಕೇಶ್ವರದ ಹೆದ್ದಾರಿಯಲ್ಲಿ ಬಿಟ್ಟು ಬಂದಿದ್ದರು. ರಾಣಿಯನ್ನು ಎತ್ತಿಕೊಂಡು ಕಾಕಾನ ಅಂಗಳಕ್ಕೆ ಓಡಿದೆ.

ಕಾಕಾ ಕಾಲು ಒತ್ತಿದರು. ನನ್ನ ಮುಖ ನೋಡಿದರು.

"ಸೈಕಲ್ಲೇನು?"

"ಹೂಂ ಕಾಕಾ. ಅಪ್ಪಾರು ಇದನ್ನ ಬಿಟ್ಟ ಬರ್ತಾರ್ರಿ."

ಅಷ್ಟರಲ್ಲಿ ಅಪ್ಪನೇ ಬಂದರು. ನಾನು ಕಂಬದ ಹಿಂದೆ ಸರಿದೆ. ಕಾಕಾ ಎದ್ದು ನಿಂತು ಹೇಳಿದರು: "ಸಾವಕಾರ್ರ, ತಪ್ಪು ನಂದ ಐತ್ರಿ. ರಜಾ ದಿನಾ ನಾನ ಓಡಿಸೀನಿ. ವಾಸಿ ಆಗೋತನಕ ನಾಯಿ ನನ್ನ ಕಡೆ ಇರಲಿ."

ಅಪ್ಪ ಬಾಯಿಗೆ ಬಂದದ್ದೆಲ್ಲ ಅಂದರು. ಕಾಕಾ ತಲೆ ಎತ್ತಲಿಲ್ಲ. ಎರಡು ತಿಂಗಳು ರಾಣಿಗೆ ಎಣ್ಣೆ ತಿಕ್ಕಿ, ಬಿಸಿನೀರಿನ ಶಾಖ ಕೊಟ್ಟು ನಡೆಯುವಂತೆ ಮಾಡಿದರು. ಅವಳು ಮತ್ತೆ ಜಿಗಿಯಲಿಲ್ಲ, ಆದರೆ ಕುಂಟಲೂ ಇಲ್ಲ; ನಮ್ಮ ಮನೆಯಲ್ಲೇ ಉಳಿದಳು. ಅಪ್ಪ ಮಾತ್ರ ಕಾಕಾನ ಜೊತೆ ಮಾತು ಬಿಟ್ಟರು.

ಕಾಕಾ ತೀರಿಹೋದಾಗ ನನಗೆ ಮದುವೆಯಾಗಿ ಮಗಳಿದ್ದಳು. ಮಣ್ಣು ಮಾಡಿ ಬಂದ ಅಪ್ಪ ಅಂದರು, "ಮನಷ್ಯಾ ಛಲೋ ಇದ್ದಾ. ಆದ್ರ ನಮ್ಮ ನಾಯಿ ಕಾಲು ಕೆಡಿಸಿದ."

ಓಡಿಸಿದ್ದು ನಾನೆಂದು ಹೇಳಲು ಬಾಯಿ ತೆರೆದೆ. ಅಪ್ಪ ನನ್ನತ್ತ ನೋಡಿದರು. ಹೆದರಿ, ಮಗಳನ್ನು ಎತ್ತಿಕೊಂಡು ಒಳಗೆ ಹೋದೆ.